ಕೈ ಒತ್ತಿದರೆ ಬದಲಾಗುವ ಅಳತೆ: ಒಂದು ಹಳೆಯ ಓಮ್ನಿಯ ಮುಂಚಕ್ರದ ಅಲೈನ್‌ಮೆಂಟ್

ದೂರುಗಳು ಎರಡು. ಮುಂದಿನ ಎರಡೂ ಟೈರುಗಳ ಒಳಅಂಚು ಹೊರಅಂಚಿಗಿಂತ ಬೇಗ ಸವೆಯುತ್ತಿತ್ತು. ಜೊತೆಗೆ, ಸ್ಟೇರಿಂಗ್ ಮೇಲಿನ ಹಿಡಿತ ಸ್ವಲ್ಪ ಸಡಿಲಿಸಿದರೆ ವ್ಯಾನು ಎಡಕ್ಕೆ ಎಳೆಯುತ್ತಿತ್ತು. ವಾಹನ 2009ರ ಮಾರುತಿ ಓಮ್ನಿ. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಡಿಕೆ ಚೀಲ, ಗೊಬ್ಬರ, ಶಾಲೆಯ ಮಕ್ಕಳು, ಕಾರ್ಯದ ಮನೆಯ ಪಾತ್ರೆ ಎಲ್ಲವನ್ನೂ ಹೊತ್ತದ್ದು ಇದೇ ವ್ಯಾನು. ಡಾಂಬರು ರಸ್ತೆ ಮುಗಿದ ಮೇಲೂ ಮನೆಯವರೆಗೆ ಕಲ್ಲುಮಣ್ಣಿನ ದಾರಿ ಇದೆ. ಮಳೆಗಾಲದಲ್ಲಿ ಆ ದಾರಿಯ ಹೊಂಡಗಳು ನೀರು ತುಂಬಿ ಕಣ್ಣಿಗೆ ಕಾಣುವುದಿಲ್ಲ.

ಪೇಟೆಯ ಒಂದು ಕೇಂದ್ರದಲ್ಲಿ ಅದಾಗಲೇ ಚಕ್ರಗಳ ಕೋನ ಅಳೆದು ಸರಿಪಡಿಸುವ ಕಂಪ್ಯೂಟರ್ ಅಲೈನ್‌ಮೆಂಟ್ ಆಗಿತ್ತು. ಅವರು ಕೊಟ್ಟ ಕಾಗದದಲ್ಲಿ ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿದ್ದವು. ಆದರೂ ಹೊಸ ಟೈರಿನ ಒಳಅಂಚು ಒಂದೇ ಮಳೆಗಾಲದಲ್ಲಿ ಕರಗಿತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಅಳೆದ ಕ್ಷಣದಲ್ಲಿ ಚಕ್ರಗಳು ನಿಜಕ್ಕೂ ಸರಿಯಾಗಿಯೇ ನಿಂತಿದ್ದವು. ಅವು ರಸ್ತೆಯ ಮೇಲೂ ಹಾಗೆಯೇ ನಿಲ್ಲುತ್ತವೆಯೇ ಎಂದು ಮಾತ್ರ ಯಾರೂ ನೋಡಿರಲಿಲ್ಲ. ಹಳೆಯ ವಾಹನದ ಅಲೈನ್‌ಮೆಂಟಿನಲ್ಲಿ ಮೊದಲು ಕೇಳಬೇಕಾದದ್ದು ಇದೇ ಪ್ರಶ್ನೆ.

ಓಮ್ನಿಯ ಮುಂಭಾಗದಲ್ಲಿ ಏನನ್ನು ತಿದ್ದಬಹುದು

ಈ ವ್ಯಾನು 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೆ ತಯಾರಾಯಿತು. ಇಷ್ಟು ವರ್ಷಗಳಲ್ಲಿ ಮೂಲ ರಚನೆ ಹೆಚ್ಚು ಬದಲಾಗಲಿಲ್ಲ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮುಂದಿನ ಸೀಟುಗಳ ಕೆಳಗಿರುತ್ತದೆ, ಅದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಚಾಲಕ ಕೂರುವುದು ಹೆಚ್ಚೂಕಡಿಮೆ ಮುಂಚಕ್ರದ ಮೇಲೆಯೇ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾದ ಕಂಬ) ಮತ್ತು ರ್ಯಾಕ್ ಸ್ಟೇರಿಂಗ್ (ಸ್ಟೇರಿಂಗ್ ತಿರುಗಿಸಿದಾಗ ಎಡಬಲ ಸರಿಯುವ ಹಲ್ಲಿನ ಸರಳು), ಹಿಂದೆ ಪಟ್ಟಾ ಸ್ಪ್ರಿಂಗ್. ಚಕ್ರ 12 ಇಂಚಿನದು.

ಮುಂಚಕ್ರದ ಕೋನಗಳು ಮೂರು. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗಗಳು ಒಂದಕ್ಕೊಂದು ಹತ್ತಿರವಾಗಿದ್ದರೆ ಟೋ-ಇನ್, ದೂರವಾಗಿದ್ದರೆ ಟೋ-ಔಟ್; ಚಕ್ರಗಳ ಮುಂಭಾಗದ ಅಂತರಕ್ಕೂ ಹಿಂಭಾಗದ ಅಂತರಕ್ಕೂ ಇರುವ ವ್ಯತ್ಯಾಸವೇ ಅದರ ಅಳತೆ. ಈ ಮೂರರಲ್ಲಿ ಓಮ್ನಿಯಲ್ಲಿ ಸ್ಪ್ಯಾನರ್ ಹಿಡಿದು ತಿದ್ದಲು ಬರುವುದು ಟೋ ಮಾತ್ರ. ಕ್ಯಾಂಬರ್ ಅಥವಾ ಕ್ಯಾಸ್ಟರ್ ಕೆಟ್ಟಿದ್ದರೆ ಏನೋ ಬಾಗಿದೆ ಅಥವಾ ಬುಷ್ (ಜೋಡಣೆಯ ರಬ್ಬರ್ ಮೆತ್ತೆ) ಹೋಗಿದೆ ಎಂದೇ ಅರ್ಥ, ಭಾಗವನ್ನೇ ಬದಲಿಸಬೇಕು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲದ ಸಂಗತಿ. ಟೋ ಅಳೆಯಲು ಕೋನ ತೋರಿಸುವ ಉಪಕರಣ ಬೇಕಿಲ್ಲ, ಟೇಪು ಸಾಕು.

ಹಿಂಚಕ್ರದಿಂದ ಓಡುವ ವಾಹನದಲ್ಲಿ ರಸ್ತೆಯ ತಡೆ ಮುಂಚಕ್ರಗಳನ್ನು ಹಿಂದಕ್ಕೆ ತಳ್ಳುತ್ತದೆ. ಬುಷ್‌ಗಳು ಸ್ವಲ್ಪ ಬಾಗುತ್ತವೆ, ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಳ್ಳುತ್ತದೆ. ಆದ್ದರಿಂದ ನಿಂತಾಗ ಅವು ತುಸು ಒಳಮುಖವಾಗಿರಬೇಕು, ಓಡುವಾಗ ನೇರವಾಗುತ್ತವೆ. ಇಂಥ ವಾಹನಗಳಿಗೆ ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಟೋ-ಇನ್ ಕೊಡುವುದು ರೂಢಿ. ನಾನು 2 ಮಿಲಿಮೀಟರನ್ನು ಗುರಿಯಾಗಿ ಇಟ್ಟುಕೊಂಡೆ. ಬೇರೆ ವಾಹನದವರು ತಮ್ಮ ವಾಹನದ ಸರ್ವಿಸ್ ಪುಸ್ತಕದಲ್ಲಿರುವ ಅಂಕಿಯನ್ನೇ ಹಿಡಿಯಬೇಕು.

ಎರಡು ದೂರುಗಳನ್ನು ಬೇರ್ಪಡಿಸುವುದು

ಎಳೆತ ಮತ್ತು ಸವೆತ ಒಟ್ಟಿಗೆ ಕಾಣಿಸಿಕೊಂಡರೆ ಎರಡಕ್ಕೂ ಒಂದೇ ಕಾರಣ ಎಂದುಕೊಳ್ಳುವುದು ಸಹಜ. ಆದರೆ ಟೋ ಕೆಟ್ಟರೆ ಟೈರು ಸವೆಯುತ್ತದೆ, ಸ್ಟೇರಿಂಗ್ ನಿಲ್ಲದೆ ಅತ್ತಿತ್ತ ಅಲೆಯುತ್ತದೆ. ಒಂದೇ ಬದಿಗೆ ಬಿಡದೆ ಎಳೆಯುವುದು ಬಹಳ ಕಡಿಮೆ. ಎಳೆತಕ್ಕೆ ಕಾರಣಗಳು ಬೇರೆ: ಎರಡು ಬದಿಯ ಗಾಳಿಯಲ್ಲಿ ವ್ಯತ್ಯಾಸ, ಟೈರಿನೊಳಗಿನ ದೋಷ, ಬಿಡದೆ ಹಿಡಿದ ಬ್ರೇಕ್, ಎಡಬಲಗಳ ಕ್ಯಾಂಬರ್ ಅಥವಾ ಕ್ಯಾಸ್ಟರಿನ ವ್ಯತ್ಯಾಸ. ನೀರು ಹರಿದುಹೋಗಲೆಂದು ನಮ್ಮ ರಸ್ತೆಗಳನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ. ಎಡಬದಿಯಲ್ಲಿ ಓಡುವ ಯಾವ ವಾಹನವಾದರೂ ಸ್ವಲ್ಪ ಎಡಕ್ಕೆ ಸರಿಯುವುದು ಅದರಿಂದಲೇ.

ಮೊದಲು ಗಾಳಿ ಸಮ ಮಾಡಿಸಿ, ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿದೆವು. ದೋಷ ಟೈರಿನಲ್ಲಿದ್ದಿದ್ದರೆ ಎಳೆತ ಬಲಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಆಮೇಲೆ ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ಬಂದು ಎರಡೂ ರಿಮ್‌ಗಳ ಹತ್ತಿರ ಕೈ ಹಿಡಿದು ನೋಡಿದೆ. ಬಲಗಡೆ ಬೆಚ್ಚಗಿತ್ತು. ಎಡಗಡೆ ಕೈ ಇಡಲಾಗದಷ್ಟು ಬಿಸಿ. ಬ್ರೇಕ್ ಪ್ಯಾಡುಗಳನ್ನು ಒತ್ತುವ ಎಡ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಪೂರ್ತಿ ಸಡಿಲವಾಗುತ್ತಿರಲಿಲ್ಲ. ಪಿನ್ ಬಿಚ್ಚಿ, ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬದಲಿಸಿದ ಮೇಲೆ ಎಳೆತದ ಬಹುಪಾಲು ಹೋಯಿತು. ಈ ದೂರಿಗೂ ಅಲೈನ್‌ಮೆಂಟಿಗೂ ಸಂಬಂಧವೇ ಇರಲಿಲ್ಲ. ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಇದೇ ಬ್ರೇಕ್ ಕಾದು ಕೈಕೊಟ್ಟಿದ್ದರೆ ಎಂದು ಯೋಚಿಸಿದರೆ ಈಗಲೂ ಮನಸ್ಸು ಕಲಕುತ್ತದೆ. ‘ಎಳೆಯುತ್ತದೆ’ ಎಂದ ಕೂಡಲೇ ಅಲೈನ್‌ಮೆಂಟಿಗೆ ಕಳಿಸುವ ಅಭ್ಯಾಸ ಅಪಾಯಕಾರಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ.

ಉಳಿದದ್ದು ಸವೆತ. ಟೈರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿದರೆ ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗರ ಎನ್ನುತ್ತಿತ್ತು. ಇದು ಟೈರು ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜಿಕೊಳ್ಳುತ್ತಿದೆ ಎಂಬುದರ ಗುರುತು. ಎರಡೂ ಕಡೆ ಒಳಅಂಚೇ ಸವೆದಿದ್ದರಿಂದ ಟೋ-ಔಟ್ ಎಂಬ ಅನುಮಾನ ಬಲವಾಯಿತು.

ಅಳೆಯುವ ಸಲಕರಣೆ

ಓಮ್ನಿಯ ಹೊಟ್ಟೆ ತಗ್ಗಿನಲ್ಲಿದೆ. ಚಕ್ರದ ನಡುಮಟ್ಟದಲ್ಲಿ ಎಡದಿಂದ ಬಲಕ್ಕೆ ನೇರವಾಗಿ ಟೇಪು ಹಿಡಿಯಲು ಏನಾದರೊಂದು ಅಡ್ಡ ಬರುತ್ತದೆ. ಅದಕ್ಕೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್‌ನಲ್ಲಿ ಎರಡು ಹಲಗೆಗಳನ್ನು ಕತ್ತರಿಸಿದೆ. ಉದ್ದ 540 ಮಿಲಿಮೀಟರ್. 145 ಆರ್12 ಟೈರಿನ ವ್ಯಾಸವೂ ಹೆಚ್ಚೂಕಡಿಮೆ ಅಷ್ಟೇ ಇರುವುದರಿಂದ ಹಲಗೆಯ ತುದಿಗಳಲ್ಲಿ ಸಿಗುವ ವ್ಯತ್ಯಾಸವನ್ನು ಲೆಕ್ಕ ಹಾಕದೆ ನೇರವಾಗಿ ಟೋ ಎಂದು ಓದಬಹುದು. ಪ್ರತಿ ಹಲಗೆಗೆ ಮೂರು ಉದ್ದ ಬೋಲ್ಟ್ ಹಾಕಿ, ಅವುಗಳ ತಲೆ ಟೈರನ್ನು ಮುಟ್ಟದೆ ರಿಮ್ಮಿನ ಅಂಚಿಗೆ ಮಾತ್ರ ತಾಗುವಂತೆ ಹೊಂದಿಸಿದೆ. ಟೈರಿನ ಕೆಳಭಾಗ ಭಾರಕ್ಕೆ ಉಬ್ಬಿರುತ್ತದೆ, ಅದಕ್ಕೆ ಹಲಗೆ ತಾಗಿದರೆ ಅಳತೆ ಹಾಳಾಗುತ್ತದೆ. ಹಲಗೆಯ ಬುಡದಲ್ಲಿ ಎರಡು ತುದಿಗೆ ಗರಗಸದಿಂದ ಒಂದೊಂದು ಸೀಳು, ಟೇಪು ಕೂರಲು. ಟೇಪು ವ್ಯಾನಿನ ಕೆಳಗೆ, ನೆಲಕ್ಕಿಂತ ಸ್ವಲ್ಪ ಮೇಲೆ, ಅಡೆತಡೆಯಿಲ್ಲದೆ ಹಾದುಹೋಗುತ್ತದೆ.

ನೆಲ ಮಟ್ಟವಾಗಿರಬೇಕು. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಕಣ್ಣಿಗೆ ಮಟ್ಟವಾಗಿಯೇ ಕಾಣುತ್ತದೆ, ಆದರೆ ನೀರು ಹರಿಯಲು ಅದಕ್ಕೂ ಇಳಿಜಾರು ಕೊಟ್ಟಿರುತ್ತಾರೆ. ಗಾರೆ ಕೆಲಸದವರು ಬಳಸುವ ನೀರಿನ ಪೈಪು ಹಿಡಿದು ನಾಲ್ಕು ಚಕ್ರಗಳ ಜಾಗವನ್ನು ನೋಡಿ, ತಗ್ಗಾದ ಬದಿಗೆ ತೆಳುವಾದ ಹಲಗೆ ಕೊಟ್ಟೆ. ಟೋಗೆ ಇಷ್ಟು ಮಟ್ಟಸ ಅನಿವಾರ್ಯವಲ್ಲ, ಕ್ಯಾಂಬರ್ ನೋಡಲು ಬೇಕೇ ಬೇಕು. ಮುಂಚಕ್ರಗಳು ಸಲೀಸಾಗಿ ಸರಿಯಲೆಂದು ಒಂದೊಂದರ ಕೆಳಗೆ ಎರಡು ದಪ್ಪ ತಗಡು, ನಡುವೆ ಗ್ರೀಸ್. ಚಾಲಕನ ಸೀಟಿನ ಮೇಲೆ ನನ್ನ ತೂಕಕ್ಕೆ ಸಮನಾದ ಅಕ್ಕಿ ಚೀಲಗಳು. ಸೀಟು ಚಕ್ರದ ಮೇಲೆಯೇ ಇರುವ ವ್ಯಾನಿನಲ್ಲಿ ಈ ಭಾರವನ್ನು ಬಿಡುವಂತಿಲ್ಲ.

ರಿಮ್ ಬಾಗಿದೆಯೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊಂಡ ಬಿದ್ದ ರಸ್ತೆಯಲ್ಲಿ ಓಡಿದ ಉಕ್ಕಿನ ರಿಮ್ ಪೂರ್ತಿ ನೇರ ಉಳಿಯುವುದು ಅಪರೂಪ. ಒಮ್ಮೆ ಅಳೆದು, ಚಕ್ರ ಅರ್ಧ ಸುತ್ತು ಉರುಳುವಷ್ಟು ವ್ಯಾನನ್ನು ಮುಂದೆ ತಳ್ಳಿ, ಮತ್ತೆ ಅಳೆದು, ಎರಡರ ಸರಾಸರಿ ಹಿಡಿದರೆ ರಿಮ್ಮಿನ ಡೊಂಕು ವಜಾ ಆಗುತ್ತದೆ.

ನಿಲ್ಲದ ಅಂಕಿ

ಮೊದಲ ಅಳತೆಯಲ್ಲಿಯೇ ವಿಷಯ ಬಯಲಾಯಿತು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅಕ್ಕನ ಮಗನ ಕೈಯಲ್ಲಿ. ಮುಂದಿನ ಅಂತರದಿಂದ ಹಿಂದಿನ ಅಂತರ ಕಳೆದರೆ ಟೋ-ಔಟ್ ಬಂತು. ಅವನು ಹಲಗೆ ಸರಿಪಡಿಸಲು ಚಕ್ರಕ್ಕೆ ಕೈಕೊಟ್ಟು ಎದ್ದ. ಮತ್ತೆ ಅಳೆದರೆ ಅಂಕಿ ಬೇರೆ. ಹಾಗಾದರೆ ಬೇಕೆಂದೇ ಒತ್ತಿ ನೋಡೋಣ ಎಂದು, ಎರಡೂ ಚಕ್ರಗಳ ಮುಂಭಾಗವನ್ನು ಹೊರಕ್ಕೆ ಎಳೆದು ಅಳೆದೆವು: 9 ಮಿಲಿಮೀಟರ್ ಟೋ-ಔಟ್. ಒಳಕ್ಕೆ ಒತ್ತಿ ಅಳೆದೆವು: 2 ಮಿಲಿಮೀಟರ್ ಟೋ-ಔಟ್. ನಡುವೆ 7 ಮಿಲಿಮೀಟರ್ ಅಂತರ. ತಿದ್ದಬೇಕಾದದ್ದು ಎಷ್ಟೋ, ಹೆಚ್ಚೂಕಡಿಮೆ ಅಷ್ಟೇ ಸಡಿಲವೂ ಇತ್ತು. ಇಂಥ ವಾಹನವನ್ನು ಯಾವ ಯಂತ್ರದ ಮೇಲೆ ನಿಲ್ಲಿಸಿದರೂ, ಆ ಹೊತ್ತಿಗೆ ಚಕ್ರ ಎಲ್ಲಿ ವಾಲಿಕೊಂಡಿದೆಯೋ ಅಲ್ಲಿಯ ಅಂಕಿ ಬರುತ್ತದೆ. ಅದನ್ನು ತಿದ್ದಿ ಹಸಿರು ಮಾಡಬಹುದು. ರಸ್ತೆಗಿಳಿದ ಮೇಲೆ ಅದಕ್ಕೆ ಬೆಲೆಯಿಲ್ಲ.

9 ಮಿಲಿಮೀಟರ್ ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿದರೆ ಬೆಚ್ಚಿಬೀಳುವಂತಿದೆ. ಪ್ರತಿ ಚಕ್ರದ ಪಾಲು ನಾಲ್ಕೂವರೆ ಮಿಲಿಮೀಟರ್. 540ರಲ್ಲಿ ನಾಲ್ಕೂವರೆ ಎಂದರೆ ಒಂದು ಕಿಲೋಮೀಟರಿಗೆ ಎಂಟು ಮೀಟರಿಗೂ ಹೆಚ್ಚು. ಚಕ್ರ ಒಂದು ಕಿಲೋಮೀಟರ್ ಮುಂದೆ ಹೋಗುವಾಗ ಟೈರು ಎಂಟು ಮೀಟರಿನಷ್ಟು ಅಡ್ಡಕ್ಕೆ ಉಜ್ಜಿರುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಎಂದು ಹಿಡಿದರೆ, ಒಂದು ಬಾರಿ ಹೋಗುವಷ್ಟರಲ್ಲಿ ಟೈರನ್ನು ಡಾಂಬರಿನ ಮೇಲೆ ಎಂಟುನೂರು ಮೀಟರಿಗೂ ಹೆಚ್ಚು ಅಡ್ಡಡ್ಡ ಎಳೆದ ಹಾಗೆ. ರಬ್ಬರ್ ಉಳಿಯುವುದಾದರೂ ಹೇಗೆ?

ಸಡಿಲ ಎಲ್ಲಿದೆ

ಇಲ್ಲಿಂದ ಟೇಪನ್ನು ಬದಿಗಿಟ್ಟೆವು. ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಮುಂದನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರೀ ಜ್ಯಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವನ್ನೇ ಶುರು ಮಾಡಬಾರದು.

ಚಕ್ರವನ್ನು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲ) ಇದ್ದರೆ ಅದು ಟೈ ರಾಡ್ (ರ್ಯಾಕನ್ನು ಚಕ್ರಕ್ಕೆ ಜೋಡಿಸುವ ಸರಳು) ಅಥವಾ ರ್ಯಾಕಿನದು. ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದಾಗ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗಿನದು. ಎಡಚಕ್ರ ಮೊದಲ ರೀತಿಯಲ್ಲಿ ಸ್ಪಷ್ಟವಾಗಿ ಅಲ್ಲಾಡಿತು. ಆದರೆ ಎತ್ತಿದ ಚಕ್ರದಲ್ಲಿ ಕಾಣದ ಸಡಿಲವೂ ಇರುತ್ತದೆ, ಭಾರ ಬಿದ್ದಾಗ ಮಾತ್ರ ಅದು ಹೊರಗೆ ಬರುತ್ತದೆ. ಅದಕ್ಕೆ ವ್ಯಾನನ್ನು ಇಳಿಸಿ, ನಾನು ಒಳಗೆ ಕುಳಿತು ಸ್ಟೇರಿಂಗನ್ನು ಸಣ್ಣಗೆ ಎಡಬಲ ಆಡಿಸಿದೆ. ಹುಡುಗ ಹೊರಗೆ, ಚಕ್ರದ ಹಿಂದೆ ಕೈಹಾಕಿ ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡಿದ.

“ಮಾವ, ಇಲ್ಲಿ ರಾಡ್ ಸರಿಯುತ್ತದೆ, ಆಮೇಲೆ ಚಕ್ರ ಸರಿಯುತ್ತದೆ. ನಡುವೆ ಟಕ್ ಎನ್ನುತ್ತದೆ.”

ಎಡ ಟೈ ರಾಡ್ ಎಂಡ್, ಅಂದರೆ ಆ ರಾಡಿನ ತುದಿಯ ಜಾಯಿಂಟ್. ಮೇಲಿನ ರಬ್ಬರ್ ಟೋಪಿ ಹರಿದು, ಒಳಗಿನ ಗ್ರೀಸ್ ತೊಳೆದುಹೋಗಿ, ಕೆಂಪು ಮಣ್ಣು ತುಂಬಿತ್ತು. ಜೊತೆಗೆ ಅದೇ ಬದಿಯ, ಚಕ್ರವನ್ನು ವ್ಯಾನಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಬುಷ್ ಬಿರುಕು ಬಿಟ್ಟಿತ್ತು. ಕಬ್ಬಿಣದ ಸಲಾಕೆಯಿಂದ ಮೀಟಿದರೆ ಆರ್ಮ್ ತನ್ನ ಜಾಗದಲ್ಲಿಯೇ ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ಬ್ರೇಕ್ ಒತ್ತಿದ ಪ್ರತಿ ಸಲವೂ ಇಂಥ ಚಕ್ರ ತನ್ನ ದಿಕ್ಕು ಬದಲಿಸುತ್ತದೆ.

ಎರಡನ್ನೂ ಬದಲಿಸಿದೆವು. ಬುಷ್ ಒತ್ತಲು ಪ್ರೆಸ್ ಬೇಕಾದ್ದರಿಂದ ಆರ್ಮ್ ಬಿಚ್ಚಿಕೊಂಡು ಶಿರಸಿಯ ಲೇತ್ ಅಂಗಡಿಗೆ ಹೋದೆ. ಟೈ ರಾಡ್ ಎಂಡಿನ ಕೆಲಸ ಮನೆಯಲ್ಲೇ ಆಯಿತು. ಲಾಕ್ ನಟ್ ತುಕ್ಕು ಹಿಡಿದು ಕೂತಿತ್ತು, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟ ಮೇಲೆ ಬಂತು. ಹಳೆಯ ಎಂಡನ್ನು ಎಷ್ಟು ಸುತ್ತಿಗೆ ಬಿಚ್ಚಿದೆವು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಗ್ಯಾರೇಜಿನವರೆಗೆ ಓಡಿಸುವ ಮಟ್ಟಿಗೆ ಸಾಕು. ಅದನ್ನೇ ಅಲೈನ್‌ಮೆಂಟ್ ಎಂದುಕೊಳ್ಳಬಾರದು. ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ನನ್ನೇ ಹಾಕಬೇಕು. ಹಳೆಯದನ್ನು ನೇರ ಮಾಡಿ ಮತ್ತೆ ತೂರಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಹತ್ತು ರೂಪಾಯಿಯೂ ಆಗದ ಆ ಪಿನ್ನಿನ ಮೇಲೆ ಇಡೀ ಸ್ಟೇರಿಂಗ್ ನಿಂತಿದೆ.

ತಿದ್ದಿದ್ದು

ವ್ಯಾನನ್ನು ಇಳಿಸಿದ ಕೂಡಲೇ ಅಳೆಯಬಾರದು. ಎತ್ತಿ ಇಳಿಸಿದಾಗ ಚಕ್ರಗಳು ಒಳಕ್ಕೆ ಸೇರಿಕೊಂಡಿರುತ್ತವೆ. ಮುಂದಿನ ಬಂಪರನ್ನು ಒತ್ತಿ ಕುಣಿಸಿ, ಕೆಲವು ಮೀಟರ್ ಹಿಂದೆ ಮುಂದೆ ತಳ್ಳಿ, ಕೊನೆಯಲ್ಲಿ ಮುಂದಕ್ಕೇ ತಳ್ಳಿ ನಿಲ್ಲಿಸಬೇಕು, ಓಡುವಾಗಿನ ಸ್ಥಿತಿಗೆ ಅದೇ ಹತ್ತಿರ. ಈಗ ಅಳೆದರೆ 5 ಮಿಲಿಮೀಟರ್ ಟೋ-ಔಟ್. ಹೊರಕ್ಕೆ ಎಳೆದರೂ ಒಳಕ್ಕೆ ಒತ್ತಿದರೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಕದಲಲಿಲ್ಲ. ತಿದ್ದಬಹುದಾದ ಅಂಕಿ ಮೊದಲ ಬಾರಿಗೆ ನಮ್ಮ ಕೈಗೆ ಸಿಕ್ಕಿತು.

ಟೋ ಮುಟ್ಟುವ ಮೊದಲು ಇನ್ನೆರಡು ಅಳತೆ. ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿನವರೆಗೆ ಓಮ್ನಿಗೆ 1,840 ಮಿಲಿಮೀಟರ್ ಇರಬೇಕು. ಎಡಬಲಗಳ ವ್ಯತ್ಯಾಸ 3 ಮಿಲಿಮೀಟರ್ ಬಂತು, ಅದನ್ನು ಒಪ್ಪಿಕೊಂಡೆ. ಪಟ್ಟಾ ಸ್ಪ್ರಿಂಗಿನ ನಡುಬೋಲ್ಟ್ ತುಂಡಾಗಿ ಹಿಂದಿನ ಆಕ್ಸಲ್ ಸರಿದಿದ್ದರೆ ಇಲ್ಲಿ ದೊಡ್ಡ ಅಂಕಿ ಬರುತ್ತಿತ್ತು, ಆಗ ಮುಂದೆ ಎಷ್ಟು ತಿದ್ದಿದರೂ ವ್ಯಾನು ಓರೆಯಾಗಿಯೇ ಓಡುತ್ತದೆ. ಎರಡನೆಯದು ಕ್ಯಾಂಬರ್. ತೂಗುಗುಂಡು ಇಳಿಬಿಟ್ಟು ರಿಮ್ಮಿನ ಮೇಲಂಚು ಮತ್ತು ಕೆಳಅಂಚು ದಾರದಿಂದ ಎಷ್ಟು ದೂರ ಎಂದು ನೋಡಿದೆ. ಈ ಅಳತೆಯ ರಿಮ್ಮಿನಲ್ಲಿ ಸುಮಾರು 5.8 ಮಿಲಿಮೀಟರ್ ವ್ಯತ್ಯಾಸ ಎಂದರೆ ಒಂದು ಡಿಗ್ರಿ. ಎಡಕ್ಕೂ ಬಲಕ್ಕೂ ಇದ್ದ ಅಂತರ ಕಾಲು ಡಿಗ್ರಿಯೊಳಗೇ ಇತ್ತು. ಸ್ಟ್ರಟ್ ಬಾಗಿಲ್ಲ ಎಂದು ನೆಮ್ಮದಿಯಾಯಿತು.

ಸ್ಟೇರಿಂಗ್ ಚಕ್ರವನ್ನು ನೇರ ನಿಲ್ಲಿಸಿ ಸೀಟಿಗೆ ಹಗ್ಗದಿಂದ ಕಟ್ಟಿದೆ. ಈಗ ಪ್ರತಿ ಮುಂಚಕ್ರವೂ ವ್ಯಾನಿನ ನಡುರೇಖೆಗೆ ಎಷ್ಟು ಓರೆಯಾಗಿದೆ ಎಂದು ತಿಳಿಯಲು ಎರಡು ಬದಿಗೂ ಚಕ್ರದ ನಡುಮಟ್ಟದಲ್ಲಿ ನೈಲಾನ್ ದಾರ ಕಟ್ಟಿದೆವು. ದಾರವನ್ನು ಹಿಂಚಕ್ರಕ್ಕೂ ಮುಂಚಕ್ರಕ್ಕೂ ಒಂದೇ ದೂರದಲ್ಲಿ ಹಿಡಿದರೆ ತಪ್ಪಾಗುತ್ತದೆ. ಓಮ್ನಿಯ ಮುಂಚಕ್ರಗಳ ನಡುವೆ 1,215, ಹಿಂಚಕ್ರಗಳ ನಡುವೆ 1,200 ಮಿಲಿಮೀಟರ್. ಮುಂಭಾಗ ಪ್ರತಿ ಬದಿಗೆ ಏಳೂವರೆ ಮಿಲಿಮೀಟರ್ ಅಗಲ, ದಾರವೂ ಮುಂಚಕ್ರಕ್ಕೆ ಅಷ್ಟು ಹತ್ತಿರವಿರಬೇಕು. ಎರಡು ದಾರಗಳ ನಡುವಿನ ದೂರ ಮುಂದೆಯೂ ಹಿಂದೆಯೂ ಒಂದೇ ಇದೆಯೇ ಎಂದು ಕೊನೆಗೊಮ್ಮೆ ನೋಡಿಕೊಂಡರೆ ಸಾಕು. ಈ ಅಳತೆಯಲ್ಲಿ ಓರೆ ಎರಡೂ ಚಕ್ರಗಳಿಗೆ ಸಮನಾಗಿ ಹಂಚಿಹೋಗಿತ್ತು. ಹಾಗಾಗಿ ಎರಡು ಕಡೆಯೂ ಒಂದೇ ಪ್ರಮಾಣದಲ್ಲಿ ತಿದ್ದಬೇಕಿತ್ತು.

ಲಾಕ್ ನಟ್ ಸಡಿಲಿಸಿದ ಮೇಲೆ ಹಲವರು ಮರೆಯುವುದು ರ್ಯಾಕಿನ ತುದಿಯ ರಬ್ಬರ್ ಬೂಟಿನ ಕ್ಲಿಪ್ಪನ್ನು. ಅದನ್ನು ಬಿಡಿಸದೆ ರಾಡ್ ತಿರುಗಿಸಿದರೆ ಬೂಟು ಹಿಂಡಿಕೊಂಡು ಹರಿಯುತ್ತದೆ, ನೀರು ಒಳಸೇರಿ ರ್ಯಾಕೇ ಹಾಳಾಗುತ್ತದೆ. ಯಾವ ಕಡೆ ತಿರುಗಿಸಬೇಕು ಎಂಬುದು ರಾಡ್ ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಅದು ಚಕ್ರದ ನಡುವಿಗಿಂತ ಹಿಂದಿದ್ದರೆ ಉದ್ದ ಮಾಡಿದಾಗ ಟೋ-ಇನ್ ಬರುತ್ತದೆ, ಮುಂದಿದ್ದರೆ ಟೋ-ಔಟ್. ಕಾಲು ಸುತ್ತು ತಿರುಗಿಸಿ ಅಳೆದರೆ ದಿಕ್ಕೂ ಪ್ರಮಾಣವೂ ಒಟ್ಟಿಗೆ ತಿಳಿಯುತ್ತವೆ. ನಮ್ಮ ವ್ಯಾನಿನಲ್ಲಿ ಒಂದು ಬದಿಯ ಕಾಲು ಸುತ್ತಿಗೆ ಟೋ ಒಂದೂವರೆ ಮಿಲಿಮೀಟರಿನಷ್ಟು ಬದಲಾಯಿತು. 5 ಔಟ್‌ನಿಂದ 2 ಇನ್‌ಗೆ ಬರಲು ಬೇಕಾದದ್ದು ಒಟ್ಟು 7, ಬದಿಗೆ ಮೂರೂವರೆ. ಪ್ರತಿ ರಾಡಿಗೆ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು.

ಲಾಕ್ ನಟ್ ಬಿಗಿಯುವಾಗ ರಾಡ್ ತಾನೂ ತಿರುಗಲು ನೋಡುತ್ತದೆ. ಇನ್ನೊಂದು ಸ್ಪ್ಯಾನರಿನಿಂದ ಅದನ್ನು ಹಿಡಿದುಕೊಳ್ಳಬೇಕು, ಬಿಗಿದಾದ ಮೇಲೆ ಮತ್ತೆ ವ್ಯಾನನ್ನು ತಳ್ಳಿ ಅಳೆಯಬೇಕು. ಕೊನೆಯ ಅಂಕಿ 2 ಮಿಲಿಮೀಟರ್ ಟೋ-ಇನ್. ಕ್ಲಿಪ್ಪುಗಳನ್ನು ಮತ್ತೆ ಹಾಕಿ, ಎಲ್ಲ ನಟ್ಟುಗಳ ಮೇಲೆ ಬಣ್ಣದ ಗೆರೆ ಎಳೆದೆ. ನಟ್ ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ.

ಆಮೇಲೆ

ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ, ಬ್ರೇಕ್ ಹಿಡಿದು, ತಿರುಗಿಸಿ ನೋಡಿದೆ. ಸ್ಟೇರಿಂಗ್ ಚಕ್ರ ನೇರ ನಿಂತಿತು. ತಿರುವು ಮುಗಿದ ಮೇಲೆ ತಾನೇ ನಡುವಿಗೆ ಬಂತು. ರಸ್ತೆಯ ಇಳಿಜಾರಿಗೆ ಸಹಜವಾದ ತುಸು ಎಡವಾಲಿಕೆ ಉಳಿದಿದೆ, ರಸ್ತೆಯ ಮಧ್ಯಕ್ಕೆ ಬಂದರೆ ಅದೂ ಇಲ್ಲ.

ಹೊಸ ಟೈರುಗಳನ್ನು ಹಾಕಿಸಲು ಹುಬ್ಬಳ್ಳಿಗೆ ಹೋದಾಗ ಯಂತ್ರದ ಮೇಲೂ ನಿಲ್ಲಿಸಿ ನೋಡಿದೆ. ಒಟ್ಟು ಟೋ 11 ಮಿನಿಟು ಎಂದು ತೋರಿಸಿತು. ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಮಿನಿಟು. ನಮ್ಮ ಟೈರಿನ ವ್ಯಾಸದಲ್ಲಿ 11 ಮಿನಿಟು ಎಂದರೆ 1.7 ಮಿಲಿಮೀಟರ್. ಪ್ಲೈವುಡ್ ಹಲಗೆಗೂ ಯಂತ್ರಕ್ಕೂ ಇದ್ದ ವ್ಯತ್ಯಾಸ ಮಿಲಿಮೀಟರಿನ ಮೂರನೇ ಒಂದು ಭಾಗ. ಇಷ್ಟು ನಿಖರತೆ ಅಂಗಳದಲ್ಲಿ ಸಾಧ್ಯ ಎಂಬುದನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಕ್ಯಾಸ್ಟರನ್ನು ಮಾತ್ರ ನಾನು ಮನೆಯಲ್ಲಿ ಅಳೆಯಲಿಲ್ಲ. ಯಂತ್ರದಲ್ಲಿ ಅದು ಎರಡೂ ಬದಿಗೆ ಹೆಚ್ಚೂಕಡಿಮೆ ಸಮನಾಗಿ ಬಂತು.

ಮಳೆಗಾಲ ಕಳೆದ ಮೇಲೆ ಮುಂದಿನ ಟೈರುಗಳ ಮೇಲಿನ ತೋಡುಗಳ ಆಳವನ್ನು ಒಳಗೆ, ನಡುವೆ, ಹೊರಗೆ ಎಂದು ಮೂರು ಕಡೆ ಅಳೆದೆ. ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಎಲ್ಲೂ ಇಲ್ಲ, ಅಂಗೈ ಎರಡೂ ದಿಕ್ಕಿಗೆ ಒಂದೇ ರೀತಿ ಜಾರುತ್ತದೆ. ಬಲಗಡೆಯ ಟೈ ರಾಡ್ ಎಂಡಿನ ರಬ್ಬರ್ ಟೋಪಿಯಲ್ಲಿ ಈಗ ಸಣ್ಣ ಬಿರುಕು ಕಾಣಿಸಿದೆ. ಪ್ಲೇ ಇನ್ನೂ ಬಂದಿಲ್ಲ. ಅಡಿಕೆ ಕೊಯ್ಲು ಶುರುವಾಗಿ ವ್ಯಾನಿಗೆ ಬಿಡುವಿಲ್ಲದಂತಾಗುವ ಮೊದಲೇ ಅದನ್ನು ಬದಲಿಸಿ, ಟೋ ಮತ್ತೆ ಅಳೆಯಬೇಕು.